ತೋರಿಸುವ ಟಿಕೆಟ್ಟು

“ಕೂತ್ಕೊಂಡು ಹೇಳೇ, ಕತ್ತೆಮುಂಡೆ. ಸ್ವಂತ ಚಿಕ್ಕಮ್ಮ ಯಾರಾದ್ರೂ ಅಕ್ಕನ ಮಗನ ಮುಂದೆ ಕೈಕಟ್ಟಿ ನಿಂತ್ಕೊಂಡು ಮಾತಾಡ್ತಾಳಾ?”

ಯಜಮಾನ ಊಟದ ಮೇಜಿನ ಆ ತುದಿಯಲ್ಲಿ ವೀಸಾ ಅಧಿಕಾರಿಯಂತೆ ನಟಿಸುತ್ತ ಕುಳಿತಿದ್ದ. ಈ ತುದಿಯ ಕುರ್ಚಿಯನ್ನು ಮನೆಗೆಲಸದ ಕುಳ್ಳಿಗಾಗಿ ಎಳೆದಿಡಲಾಗಿತ್ತು. ಹನ್ನೊಂದು ವರ್ಷಗಳಿಂದ ದಿನಕ್ಕೆರಡು ಬಾರಿ ಆ ಕುರ್ಚಿಯನ್ನು ಒರೆಸಿದವಳು ಅವಳು. ಅದರ ನಾಲ್ಕು ಕಾಲುಗಳಲ್ಲಿ ಯಾವುದು ಗಿಡ್ಡ ಎಂಬುದೂ ಅವಳಿಗೆ ಗೊತ್ತಿತ್ತು. ಅದರ ಮೇಲೆ ಕುಳಿತರೆ ಹೇಗಿರುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ. ಬಿಸಿ ಹೆಂಚಿನ ಮೇಲೆ ಕೂರುವವಳಂತೆ ಅಂಚಿನಲ್ಲಿ ಕುಳಿತಳು.

“ಇವರು ನಿಮಗೆ ಏನಾಗಬೇಕು?” ಎಂದು ಯಜಮಾನ ಅಧಿಕಾರಿಯ ದನಿಯಲ್ಲಿ ಕೇಳಿದ.

“ನೀವು ನನಗೆ...”

“ನೀವು ಅಲ್ಲ ಕಣೇ, ಅವನು. ಅವನು ನನ್ನ ಅಕ್ಕನ ಮಗ ಅನ್ನು. ಏಕವಚನದಲ್ಲಿ ಅನ್ನು.”

ಅವಳ ನಾಲಿಗೆ ಹೊರಳಲಿಲ್ಲ. ಆರನೆಯ ಸಲಕ್ಕೆ ಹೊರಳಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನಿ ನಕ್ಕಳು. ಪಾಠ ಮುಗಿದು ಕುಳ್ಳಿ ಎದ್ದೊಡನೆ ಒರೆಸುವ ಬಟ್ಟೆಯನ್ನು ಅವಳತ್ತ ಎಸೆದು, ಕುರ್ಚಿಗೆ ಒಂದು ಕೈ ಆಡಿಸಿಬಿಡು ಎಂದಳು. ತಾನು ಕುಳಿತಿದ್ದ ಜಾಗವನ್ನು ಕುಳ್ಳಿ ತಾನೇ ಒರೆಸಿದಳು.

ಯಜಮಾನನ ತಮ್ಮ ಪರದೇಶದಲ್ಲಿ ನೆಲೆಸಿದ್ದ. ಗಂಡಹೆಂಡತಿ ಮುದುಕಿ ತಾಯಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬರುವ ಏರ್ಪಾಡು ನಡೆದಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅಜ್ಜಿಗೆ ಮಗನ ಮನೆಯಲ್ಲಿರಲು ವರ್ಷದ ವೀಸಾ ಆಗಲೇ ಸಿಕ್ಕಿತ್ತು. ಉಳಿದವರಿಗೆ ಸಿಗುವುದು ತೊಂಬತ್ತು ದಿನಗಳದ್ದು. ತೊಂಬತ್ತು ಮುಗಿಯುವ ಮೊದಲು ಆ ದೇಶದಿಂದ ಹೊರಗೆ ಕಾಲಿಡಬೇಕು. ಕಾಲಿಡುತ್ತೇವೆ ಎಂಬುದಕ್ಕೆ ಮುಂದಿನ ಟಿಕೆಟ್ಟನ್ನು ಅರ್ಜಿಯ ಜೊತೆಗೇ ತೋರಿಸಬೇಕು. ಅಜ್ಜಿಯನ್ನು ಎತ್ತಲು, ತೊಳೆಯಲು, ಮಗ್ಗುಲು ಬದಲಿಸಲು ಕುಳ್ಳಿ ಬೇಕಿತ್ತು. ಆದರೆ ಕೆಲಸದವರ ವೀಸಾ ಬೇರೆ. ಅದಕ್ಕೆ ಸಂಬಳ ಎಷ್ಟು, ರಜೆ ಎಷ್ಟು, ಮಲಗುವ ಕೋಣೆ ಯಾವುದು ಎಂದೆಲ್ಲ ಬರೆದು ಸಹಿ ಹಾಕಿಕೊಡಬೇಕಾಗಿತ್ತು. ಬಂಧುವಾದರೆ ಯಾವುದನ್ನೂ ಬರೆಯಬೇಕಾಗಿರಲಿಲ್ಲ. ಹಾಗಾಗಿ ಕುಳ್ಳಿ ಚಿಕ್ಕಮ್ಮನಾದಳು.

ಅವಳ ಹೆಸರಿನ ಟಿಕೆಟ್ಟಿನಲ್ಲಿ ವಾಪಸ್ ಬರುವ ದಿನ ಅಚ್ಚಾಗಿತ್ತು: ಎಂಬತ್ತೇಳನೆಯ ದಿನ. ಅದೊಂದಕ್ಕಾಗಿಯೇ ಅವಳು ಒಪ್ಪಿದ್ದಳು. ಹಿತ್ತಲಿನ ಕೋಣೆಯಲ್ಲಿ ಅವಳ ಜೊತೆಗಿದ್ದ ಮಗಳು ಐದು ತಿಂಗಳ ಬಸುರಿ. ಅಳಿಯ ಲಾರಿಯ ಹಿಂದೆ ಹೋದವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳ ಆಸ್ಪತ್ರೆಯ ಚೀಟಿಯನ್ನೂ ಟಿಕೆಟ್ಟಿನ ನಕಲನ್ನೂ ತಾಯಿಮಗಳು ಪಕ್ಕಪಕ್ಕದಲ್ಲಿ ಇಟ್ಟು ಎಣಿಸಿದ್ದರು. ವಾಪಸ್ ವಿಮಾನ ಇಳಿದ ಹತ್ತೊಂಬತ್ತನೆಯ ದಿನಕ್ಕೆ ಹೆರಿಗೆ. ಹೋದ ಸಲ ಮಗಳಿಗೆ ನೋವು ಬಂದಾಗ ಅಜ್ಜಿಗೆ ಜ್ವರವಿತ್ತು, ಕುಳ್ಳಿಯನ್ನು ಬಿಟ್ಟಿರಲಿಲ್ಲ. ಮಗಳು ಗಂಡನ ಮನೆಯಲ್ಲಿ ಒಬ್ಬಳೇ ಅಡುಗೆಮನೆಯ ನೆಲದ ಮೇಲೆ ಹೆತ್ತಿದ್ದಳು. ಕೂಸು ಅಳಲೇ ಇಲ್ಲ.

ಮರುದಿನ ಬೆಳಿಗ್ಗೆ ಟಿಕೆಟ್ಟಿನ ಏಜೆಂಟು ಮನೆಗೆ ಬಂದ. ಕುಳ್ಳಿ ಟೀ ತಂದಿಟ್ಟಳು. ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಅವರ ಮಾತು ಮುಂದುವರಿಯಿತು; ಹನ್ನೊಂದು ವರ್ಷಗಳಿಂದ ಆ ಮನೆಯ ಮಾತುಗಳೆಲ್ಲ ಅವಳ ಮುಂದೆ ಹಾಗೆಯೇ ನಡೆದಿದ್ದವು. ಯಜಮಾನ, ಯಜಮಾನಿ ಎಂಬತ್ತೆಂಟನೆಯ ದಿನ ಪಕ್ಕದ ದೇಶಕ್ಕೆ ಹೋಗಿ, ಒಂದು ವಾರ ಸುತ್ತಾಡಿ, ಮತ್ತೆ ತೊಂಬತ್ತು ದಿನಗಳ ಮುದ್ರೆ ಹಾಕಿಸಿಕೊಂಡು ಒಳಗೆ ಬರುವುದು. ಆ ಟಿಕೆಟ್ಟುಗಳು ಖಚಿತ ಎಂದು ಏಜೆಂಟು ಬೆರಳು ಮಡಚಿ ವಿವರಿಸಿದ.

“ಇವಳದ್ದು ತೋರಿಸೋ ಟಿಕೆಟ್ಟು ಅಷ್ಟೆ ಸಾರ್. ವೀಸಾ ಕೈಗೆ ಬಂದ ಮಾರನೇ ದಿನ ಕ್ಯಾನ್ಸಲ್ ಮಾಡಿಬಿಡ್ತೀನಿ.”

“ತೊಂಬತ್ತು ದಾಟಿದ ಮೇಲೆ?”

“ಮನೆ ಒಳಗೇ ಇರ್ತಾಳಲ್ಲ, ಯಾರ್ ನೋಡ್ತಾರೆ. ಬೀದಿಗೆ ಬಿಡಬೇಡಿ. ಸಿಕ್ಕಿಬಿದ್ರೂ ಏನಂತೆ, ಸರ್ಕಾರದೋರೇ ಹಿಡಿದು ಪುಕ್ಕಟೆ ವಾಪಸ್ ಕಳಿಸ್ತಾರೆ.”

ಇಬ್ಬರೂ ನಕ್ಕರು. ಕುಳ್ಳಿ ಖಾಲಿ ಲೋಟಗಳನ್ನು ತಟ್ಟೆಗೆ ಇಟ್ಟಳು. ಏಜೆಂಟು ಹೊರಡುವವರೆಗೆ ತಡೆದುಕೊಂಡಿದ್ದು, ಆಮೇಲೆ ಯಜಮಾನನ ಎದುರು ಬಂದು ನಿಂತಳು.

“ಯಜಮಾನ್ರೇ, ಎಂಬತ್ತೇಳನೇ ದಿನ ಅಂದಿದ್ರಲ್ಲ. ಮಗಳ ಹೆರಿಗೆ ಐತೆ.”

“ಹೆರೋಳು ಅವಳು ತಾನೆ? ನಿಂದೇನು ಅಲ್ಲಿ ಕೆಲಸ?”

ಹಾಗಾದರೆ ತಾನು ಬರುವುದಿಲ್ಲ ಎಂದಳು. ಯಜಮಾನ ದನಿ ಏರಿಸಲಿಲ್ಲ. ಪತ್ರಿಕೆಯ ಹಾಳೆ ಮಗುಚುತ್ತಲೇ, ಹಿತ್ತಲಿನ ಕೋಣೆ ಇವತ್ತೇ ಖಾಲಿಯಾಗಲಿ, ಬಸುರಿಯನ್ನೂ ಎಳೆದುಕೊಂಡು ಹೋಗು ಎಂದ. ಬೇವರ್ಸಿ ನಾಯಿಗೆ ಗೂಡು ಕೊಟ್ಟರೆ ಯಜಮಾನನನ್ನೇ ಕಚ್ಚುತ್ತದೆ ಎಂದು ಯಜಮಾನಿ ಒಳಗಿನಿಂದ ಸೇರಿಸಿದಳು.

ಕೋಣೆಗೆ ಬಂದು ಎಲ್ಲವನ್ನೂ ಮಗಳಿಗೆ ಹೇಳಿದಳು. ಮಗಳು ಹಲ್ಲು ಕಿರಿದಳು.

“ಹೋಗವ್ವಾ. ನಮ್ಮ ವಂಶದಲ್ಲಿ ಯಾರಾದ್ರೂ ಒಬ್ರು ವಿಮಾನ ಹತ್ಲಿ. ಮೇಲಿಂದ ನಮ್ಮ ಕೋಣೆ ಕಾಣ್ತದಾ ನೋಡು.”

“ತಮಾಷೆ ಮಾಡಬೇಡ ಕಣೇ.”

“ಮತ್ತೇನ್ ಮಾಡ್ಲಿ? ಹೋಗದಿದ್ರೆ ಬೀದಿ, ಹೋದ್ರೆ ನಾನು ಒಬ್ಳೇ. ಒಬ್ಳೇ ಹೆತ್ತು ಅಭ್ಯಾಸ ಐತಲ್ಲ.”

ಕುಳ್ಳಿ ಅವಳ ಬಾಯಿಗೆ ಅಡ್ಡ ಕೈ ಇಟ್ಟಳು. ಮಗಳು ಆ ಕೈಯನ್ನು ಹಿಡಿದುಕೊಂಡಳೇ ಹೊರತು ಬಿಡಿಸಿಕೊಳ್ಳಲಿಲ್ಲ. ಸಂಜೆ ಕುಳ್ಳಿ ಹೋಗಿ, ಬರುತ್ತೇನೆ ಎಂದು ಯಜಮಾನನಿಗೆ ಹೇಳಿದಳು.

ವೀಸಾ ಕಚೇರಿಗೆ ಹೋಗುವ ದಿನ, ಪಾಸ್‌ಪೋರ್ಟಿನ ಪಟಕ್ಕೆ ಉಡಿಸಿದ್ದ ತನ್ನ ಹಳೆಯ ಸೀರೆಯನ್ನೇ ಯಜಮಾನಿ ಮತ್ತೆ ಕೊಟ್ಟಳು. ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿ ಕೂರಿಸಿದರು. ಕಚೇರಿಯ ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಮೂವರೂ ಪಕ್ಕಪಕ್ಕದಲ್ಲಿ ಕುಳಿತರು. ಕುಟುಂಬದ ಅರ್ಜಿಯಾದ್ದರಿಂದ ಮೂವರಿಗೂ ಒಂದೇ ಚೀಟಿ. ಸಂಖ್ಯೆ ಬಂದಾಗ ಗಾಜಿನ ಕಿಟಕಿಯ ಎದುರು ಹೋಗಿ ನಿಂತರು. ಗಾಜಿನ ಹಿಂದಿದ್ದ ಅಧಿಕಾರಿಣಿಯ ಮಾತು ಈಚೆಗೂ, ಈಚಿನವರ ಮಾತು ಅವಳಿಗೂ ಒಂದು ಪುಟ್ಟ ಮೈಕಿನ ಮೂಲಕ ಕೇಳಿಸುತ್ತಿತ್ತು. ಹಿಂದಿನ ಸಾಲಿನವರಿಗೂ ಕೇಳಿಸುತ್ತಿತ್ತು.

ಮೊದಲು ಬೆರಳಚ್ಚು. ಯಜಮಾನನದ್ದು, ಯಜಮಾನಿಯದ್ದು ಕ್ಷಣದಲ್ಲಿ ಮುಗಿದವು. ಕುಳ್ಳಿ ನಾಲ್ಕು ಬೆರಳುಗಳನ್ನು ಹಸಿರು ಬೆಳಕಿನ ಮೇಲೆ ಒತ್ತಿದಳು. ಯಂತ್ರ ಕೆಂಪಾಯಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ಕೆಂಪು. ಅಧಿಕಾರಿಣಿ ಬೇಸರದಿಂದ, ಬೆರಳು ತೊಳೆದುಕೊಂಡು ಬನ್ನಿ ಎಂದಳು.

ಕುಳ್ಳಿಗೆ ನಗು ಬಂತು. ಆ ಬೆರಳುಗಳ ಗೆರೆಗಳು ಅಳಿಸಿಹೋದದ್ದೇ ತೊಳೆದು ತೊಳೆದು. ಬೆಳಗಿನ ಪಾತ್ರೆ, ಮಧ್ಯಾಹ್ನದ ಬಟ್ಟೆ, ಅಜ್ಜಿಯ ಹಾಸಿಗೆಯ ಬಟ್ಟೆ, ಸಂಜೆಯ ಪಾತ್ರೆ. ಸೋಪಿನ ಪುಡಿ ತುದಿಬೆರಳುಗಳನ್ನು ನೆಲದ ಕಲ್ಲಿನಂತೆ ನಯ ಮಾಡಿತ್ತು.

“ಏನು ಕೆಲಸ ಮಾಡ್ತೀರಮ್ಮ ನೀವು?”

“ಹೌಸ್‌ವೈಫು” ಎಂದು ಯಜಮಾನಿ ಹಿಂದಿನಿಂದ ಬಾಗಿ ಉತ್ತರಿಸಿದಳು.

“ಅವರನ್ನ ಕೇಳ್ತಿದ್ದೀನಿ. ಇವರು ನಿಮಗೆ ಏನಾಗಬೇಕು?”

ಆರು ಸಲ ಹೊರಳಿಸಿ ಕಲಿತ ಮಾತು ಕುಳ್ಳಿಯ ನಾಲಿಗೆಯ ತುದಿಯಲ್ಲೇ ಇತ್ತು. ಗಾಜಿನ ಆಚೆ, ಅಧಿಕಾರಿಣಿಯ ಮೊಣಕೈ ಪಕ್ಕದಲ್ಲಿ ಅವಳ ಟಿಕೆಟ್ಟು ಇತ್ತು. ಎಂಬತ್ತೇಳನೆಯ ದಿನದ ತಾರೀಖಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು.

“ಏನೂ ಆಗಬೇಕಿಲ್ಲ” ಎಂದಳು. ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿ ಅವಳಿಗೇ ಗಾಬರಿಯಾಯಿತು. ಆದರೂ ನಿಲ್ಲಿಸಲಿಲ್ಲ. “ನಾನು ಕೆಲಸದೋಳು. ಇವರಮ್ಮನ್ನ ಎತ್ತಿ ಮಲಗಿಸ್ತೀನಿ, ಹೇಲು ಬಳೀತೀನಿ, ಪಾತ್ರೆ ತೊಳೀತೀನಿ. ಆ ಟಿಕೆಟ್ಟೂ ಸುಳ್ಳು. ವೀಸಾ ಬಂದ ಮಾರನೇ ದಿನ ಅಳಿಸ್ತಾರೆ, ನನ್ನ ಅಲ್ಲೇ ಬಚ್ಚಿಡ್ತಾರೆ. ನನ್ನ ಮಗಳು ಬಸುರಿ.”

ಕಬ್ಬಿಣದ ಕುರ್ಚಿಗಳ ಮೇಲಿದ್ದವರು ಕತ್ತು ಚಾಚಿ ನೋಡಿದರು. ಇವಳಿಗೆ ತಲೆ ಸರಿಯಿಲ್ಲ, ವಯಸ್ಸಾಗಿದೆ, ಏನೇನೋ ಬಡಬಡಿಸುತ್ತಾಳೆ ಎಂದು ಯಜಮಾನ ನಗುತ್ತ ವಿವರಿಸತೊಡಗಿದ. ಅಧಿಕಾರಿಣಿ ಅವನನ್ನು ನೋಡಲಿಲ್ಲ. ಟಿಕೆಟ್ಟಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹೊಡೆದು, ಅದು ಹಣ ಕಟ್ಟದೆ ಕಾಯ್ದಿರಿಸಿದ್ದು ಎಂದು ಪರದೆಯಲ್ಲಿ ಓದಿ, ಮೂರು ಅರ್ಜಿಗಳ ಮೇಲೂ ತಿರಸ್ಕೃತ ಎಂಬ ಒಂದೇ ಮುದ್ರೆಯನ್ನು ಒತ್ತಿದಳು. ಕುಳ್ಳಿಯ ಬಗ್ಗೆಯೂ ಅವಳ ಮುಖದಲ್ಲಿ ಕನಿಕರ ಕಾಣಲಿಲ್ಲ.

“ಸುಳ್ಳು ಅರ್ಜಿಗೆ ನಿಮ್ಮ ಸಹೀನೂ ಇದೆ. ಇನ್ನು ನಿಮಗೂ ಎಂದೂ ವೀಸಾ ಸಿಗೋದಿಲ್ಲ, ಗೊತ್ತಾಯ್ತಾ?”

ಕುಳ್ಳಿ ತಲೆಯಾಡಿಸಿದಳು. ಮೂರು ಪಾಸ್‌ಪೋರ್ಟುಗಳು ಗಾಜಿನ ಕೆಳಗಿನ ಸಂದಿಯಿಂದ ಹೊರಬಂದವು. ಯಜಮಾನ ಮೂರನ್ನೂ ಬಾಚಿ ಜೇಬಿಗೆ ಸೇರಿಸಿದ. ಅವಳು ತನ್ನದನ್ನು ಕೇಳಲಿಲ್ಲ. ಅದರಲ್ಲಿದ್ದ ವಿಳಾಸ ಅವನದು, ಪಟದಲ್ಲಿದ್ದ ಸೀರೆ ಯಜಮಾನಿಯದು.

ಹೊರಗೆ ಮೆಟ್ಟಿಲ ಮೇಲೆ ಯಜಮಾನ ಅವಳ ಕೆನ್ನೆಗೆ ಬಾರಿಸಿದ. ಕಾವಲುಗಾರ ಬೇರೆ ಕಡೆ ನೋಡಿದ. ಸೂಳೆಮುಂಡೆ, ನಿನ್ನ ಮಗಳು ಬೀದಿಯಲ್ಲಿ ಹೆರುವುದನ್ನು ನಾನು ಕಣ್ಣಾರೆ ನೋಡುತ್ತೇನೆ ಎಂದು ಹೇಳಿ, ಹೆಂಡತಿಯೊಡನೆ ಕಾರು ಹತ್ತಿದ. ಕಾರಿಗೆ ಅರ್ಧ ಗಂಟೆಯ ದಾರಿ. ಎರಡು ಬಸ್ಸು ಬದಲಿಸಿ ಕುಳ್ಳಿ ತಲುಪಲು ಒಂದೂವರೆ ಗಂಟೆ.

ಅವಳು ಬರುವಷ್ಟರಲ್ಲಿ ಎಲ್ಲವೂ ಗೇಟಿನ ಹೊರಗಿತ್ತು. ಎರಡು ಚೀಲ, ಒಂದು ಬಕೆಟ್ಟು, ಹಗ್ಗ ಬಿಗಿದ ಹಾಸಿಗೆಯ ಸುರುಳಿ. ಸುರುಳಿಯ ಮೇಲೆ ಮಗಳು ಕುಳಿತಿದ್ದಳು. ತಾಯಿಯ ಕೆನ್ನೆ ಊದಿಕೊಂಡಿದ್ದುದನ್ನು ನೋಡಿ ಎದ್ದು ನಿಂತಳು.

ಒಳಗಿನಿಂದ ಅಜ್ಜಿ ಚೀರುತ್ತಿದ್ದಳು. ಯಜಮಾನಿ ಓಡಿಬಂದು ಗೇಟಿನ ಸರಳು ಹಿಡಿದು ನಿಂತಳು. ಅವಳ ಸೆರಗಿನ ತುದಿ ಒದ್ದೆಯಾಗಿತ್ತು, ನಾರುತ್ತಿತ್ತು.

“ಬಾರೇ ಒಳಗೆ. ಒಂದ್ಸಲ ಎತ್ತಿಕೊಟ್ಟು ಹೋಗು. ನನ್ನ ಕೈಲಿ ಆಗ್ತಿಲ್ಲ, ಜಾರ್ತಾರೆ.”

ಚೀರಿಕೆ ಮತ್ತೆ ಕೇಳಿತು. ಕುಳ್ಳಿಯ ಬಲಗಾಲು ತಾನಾಗಿಯೇ ಗೇಟಿನ ಕಡೆಗೆ ತಿರುಗಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು.

“ಕಂಕುಳಿಗೆ ಕೈ ಹಾಕಿ ಎಳೀಬೇಡಿ. ಆ ಎಡಭುಜ ನೋಯ್ತದೆ ಅವರಿಗೆ. ಮಂಡಿ ಮಡಚಿ, ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆ ಕೆಳಗೆ. ನಿಮ್ಮ ಗಂಡನ್ನ ಕರೀರಿ, ಇಬ್ರೂ ಸೇರಿದ್ರೆ ಆಗ್ತದೆ.”

ಹಾಸಿಗೆಯ ಸುರುಳಿಯನ್ನು ತಲೆಗೇರಿಸಿ, ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದಳು. ಬಕೆಟ್ಟನ್ನು ಮಗಳು ತೆಗೆದುಕೊಂಡಳು. ತಿರುವಿನವರೆಗೂ ಚೀರಿಕೆ ಕೇಳುತ್ತಲೇ ಇತ್ತು.

“ಎಲ್ಲಿಗವ್ವಾ?” ಎಂದಳು ಮಗಳು.

“ಆಸ್ಪತ್ರೆ ಕಡೆಗೆ.”

“ಈಗಲೇ ಯಾಕೆ? ಇನ್ನೂ ನಾಲ್ಕು ತಿಂಗಳು ಐತೆ.”

“ಅದರ ಕಾಂಪೌಂಡು ಉದ್ದ ಐತೆ. ಯಾವುದಾದ್ರೂ ಮೂಲೇಲಿ ಜಾಗ ಹಿಡಿಯೋಣ.”