ನಾಲ್ಕು ಸಲ ಬಾಯಿ ಮುಕ್ಕಳಿಸಿದ ಮಾತು

ಕೊಟ್ಟ ಮಾತು ಇತ್ಸುಕಿಗೆ ಮರೆತುಹೋಗಿರಲಿಲ್ಲ. ಮರೆತಿದ್ದರೆ ಅದಕ್ಕೊಂದು ಕ್ಷಮೆಯಾದರೂ ಇರುತ್ತಿತ್ತು. ವೇದಿಕೆಯ ಮೇಲೆ ನಿಂತಿದ್ದಾಗ ಕೂಡ ಅದು ಚೆನ್ನಾಗಿಯೇ ನೆನಪಿತ್ತು.

ಕುವಾನೊ ಇತ್ಸುಕಿ ಇಪ್ಪತ್ತೊಂಬತ್ತರ ನಟ. ಪೊಲೀಸ್ ಧಾರಾವಾಹಿಗಳಲ್ಲಿ ಮೂರನೇ ಕಂತು ಮುಗಿಯುವಷ್ಟರಲ್ಲಿ ಹೆಣವಾಗುವ ಪಾತ್ರಗಳಲ್ಲೇ ಹತ್ತು ವರ್ಷ ಸವೆಸಿದವನಿಗೆ ಕಡೆಗೂ ಸಿನಿಮಾವೊಂದರಲ್ಲಿ ನಾಯಕನ ಪಾತ್ರ ಸಿಕ್ಕಿತ್ತು. ಇಬ್ಬರು ಗಂಡಸರ ಪ್ರೇಮದ ಕಥೆ. ಮೂಲ ಏಳು ಸಂಪುಟಗಳ ಮಾಂಗಾ, ಅಂದರೆ ಚಿತ್ರಗಳಲ್ಲಿ ಹೇಳಿದ ಕಾದಂಬರಿ. ಟೋಕಿಯೋದ ಹುಡುಗಿಯರು ಮುಗಿಬಿದ್ದು ಓದಿದ್ದು. ಒಪ್ಪಿಕೊಂಡ ಮೇಲೆ ಅವನಿಗೆ ಭಯ ಹಿಡಿಯಿತು. ಸತ್ತವನಂತೆ ಮಲಗುವುದು ಬಿಟ್ಟು ಅವನಿಗೆ ಬೇರೇನು ಬರುತ್ತಿತ್ತು?

ಆಗ ಅವನು ಹೋದದ್ದು ಒಸಾದಾನ ಮನೆಗೆ. ಹೈಸ್ಕೂಲಿನಲ್ಲಿ ಪಕ್ಕದ ಮೇಜಿನವನು, ಈಗ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದಾನೆ. ಯೋಶಿಹಾರು ಎಂಬವನ ಜೊತೆ ಆರು ವರ್ಷದಿಂದ ಸಂಸಾರ. ಮನೆ ಮಾಲೀಕನಿಗೂ ಯೋಶಿಹಾರುವಿನ ತಾಯಿಗೂ ಇವರು ಬಾಡಿಗೆ ಹಂಚಿಕೊಂಡ ಗೆಳೆಯರು, ಅಷ್ಟೆ. ನಿಜ ಗೊತ್ತಿದ್ದವರು ಬೆರಳೆಣಿಕೆಯ ಜನ, ಅವರಲ್ಲಿ ಇತ್ಸುಕಿ ಒಬ್ಬ. ಮೂರು ಸಂಜೆ ಅವರ ಮನೆಯ ಅನ್ನ ಉಂಡು, ನಾಚಿಕೆಯಿಲ್ಲದೆ ಎಲ್ಲವನ್ನೂ ಕೇಳಿ ತಿಳಿದುಕೊಂಡ. ರೈಲಿನಲ್ಲಿ ಅಕ್ಕಪಕ್ಕ ಕೂತರೂ ತಾವು ಒಬ್ಬರನ್ನೊಬ್ಬರು ನೋಡುವುದಿಲ್ಲ, ಎದುರಿನ ಕಿಟಕಿಯ ಗಾಜಿನಲ್ಲಿ ಕಾಣುವ ಮುಖವನ್ನು ನೋಡುತ್ತೇವೆ ಎಂದು ಯೋಶಿಹಾರು ಮೂಲಂಗಿ ತುರಿಯುತ್ತಾ ಹೇಳಿದ್ದ. ಸಿನಿಮಾದಲ್ಲಿ ಎಲ್ಲರೂ ಹೊಗಳಿದ್ದು ಅದೇ ದೃಶ್ಯವನ್ನು. ಹೊಗಳಿಕೆಯನ್ನು ಇತ್ಸುಕಿ ತನ್ನದೇ ಎಂಬಂತೆ ಜೇಬಿಗೆ ಹಾಕಿಕೊಂಡ.

ಬಿಡುಗಡೆಯ ದಿನ ಪ್ರದರ್ಶನ ಮುಗಿದ ಮೇಲೆ ನಟರು ವೇದಿಕೆಗೆ ಬಂದು ಪ್ರೇಕ್ಷಕರಿಗೆ ವಂದಿಸುವುದು ರೂಢಿ. ಅದರ ಟಿಕೆಟಿಗೆ ಚೀಟಿ ಎತ್ತುತ್ತಾರೆ. ಒಸಾದಾನ ಹೆಸರಿಗೆ ಮೂರು ಟಿಕೆಟ್ ಬಂದಿದ್ದವು. ಮೂರನೆಯದು ಅಕಿತಾದಿಂದ ಬರುವ ಯೋಶಿಹಾರುವಿನ ತಾಯಿಗೆ. ಸಿನಿಮಾ ನೋಡಿ, ಹಾವುಮೀನಿನ ಊಟಕ್ಕೆ ಕೂತು, ಯೋಶಿಹಾರು ಅಮ್ಮನಿಗೆ ಎಲ್ಲವನ್ನೂ ಹೇಳುವುದೆಂದು ತೀರ್ಮಾನವಾಗಿತ್ತು. ಆರು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು. ಒಸಾದಾ ಫೋನಿನಲ್ಲಿ ಕೇಳಿದ್ದು ಒಂದೇ.

"ದೊಡ್ಡದಾಗಿ ಭಾಷಣ ಏನೂ ಬೇಡ ಕಣೋ. ಅವತ್ತೊಂದು ದಿನ ತಮಾಷೆ ಮಾಡ್ಬೇಡ, ಅಷ್ಟೇ."

"ಇಷ್ಟೇನಾ? ಬಿಡೋ, ನನ್ನ ಮೇಲೆ ಬಿಡು" ಎಂದಿದ್ದ ಇತ್ಸುಕಿ.

ಅವತ್ತು ಬೆಳಗಿನ ಪ್ರದರ್ಶನದಲ್ಲಿ ಎಲ್ಲವೂ ಸರಿಯಾಗಿಯೇ ಶುರುವಾಯಿತು. ಪ್ರಶ್ನೋತ್ತರಗಳ ಹಾಳೆಯನ್ನು ಇತ್ಸುಕಿಯ ಮ್ಯಾನೇಜರ್ ತೊಕುನಾಗ ಮೊದಲೇ ತಿದ್ದಿ ಕೊಟ್ಟಿದ್ದಳು. ನಿರೂಪಕಿ ನಗುನಗುತ್ತಾ ಚುಂಬನದ ದೃಶ್ಯಕ್ಕೆ ಬಂದಳು, ಎದೆ ಢವಢವ ಅಂದಿತೇ ಎಂದು ಕೇಳಿದಳು. ಮೊದಲು ಜೊತೆನಟ ಮಿಕಾಮಿಯ ಸರದಿ. ಇಪ್ಪತ್ತೆರಡರ ಹುಡುಗ, ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟ. ಆ ಹೊತ್ತು ತನಗೆ ಎದುರಿಗಿರುವವರು ಗಂಡಸೋ ಹೆಂಗಸೋ ಎಂಬುದೇ ನೆನಪಿರಲಿಲ್ಲ, ಇವರನ್ನು ಕಳೆದುಕೊಂಡರೆ ಬದುಕುವುದು ಹೇಗೆ ಎಂದಷ್ಟೇ ಅನ್ನಿಸಿತು ಎಂದ.

ಸಭಾಂಗಣ ಗಪ್‌ಚಿಪ್. ನಿರೂಪಕಿಯ ನಗು ತುಟಿಯಲ್ಲೇ ನಿಂತಿತು. ಪತ್ರಕರ್ತರು ಕ್ಯಾಮೆರಾ ಇಳಿಸಿದರು. ಆ ಮೌನ ಒಳ್ಳೆಯ ಮೌನವೇ ಆಗಿತ್ತು, ಜನ ಆ ಮಾತನ್ನು ಒಳಗೆ ಇಳಿಸಿಕೊಳ್ಳುತ್ತಿದ್ದರು. ಆದರೆ ನಮ್ಮ ಜಪಾನಿನವರಿಗೆ ಚಿಕ್ಕಂದಿನಿಂದ ಕಲಿಸುವುದು ಒಂದೇ ವಿದ್ಯೆ, ನಾಲ್ಕು ಜನ ಸೇರಿದಲ್ಲಿ ಗಾಳಿ ಯಾವ ಕಡೆಗಿದೆ ಎಂದು ನೋಡುವುದು, ಅದು ನಿಂತರೆ ಯಾರಾದರೂ ಬೀಸಣಿಗೆ ಎತ್ತುವುದು. ಇತ್ಸುಕಿ ಎತ್ತಿದ.

"ನಮ್ಮಮ್ಮ ಗಾಬರಿ ಆಗೋದು ಬೇಡ, ನಂಗೆ ಹೆಣ್ಮಕ್ಕಳೇ ಇಷ್ಟ. ಆ ಸೀನ್ ಆದ್ಮೇಲೆ ನಾಲ್ಕು ಸಲ ಬಾಯಿ ಮುಕ್ಕಳಿಸಿದೆ."

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಕ್ಯಾಮೆರಾಗಳು ಮೇಲೆದ್ದವು. ಮಿಕಾಮಿಯೂ ಕೆಂಪಾಗಿ ನಕ್ಕ. ಒಸಾದಾ, ಯೋಶಿಹಾರು ಕೂತಿದ್ದ ಹನ್ನೊಂದನೇ ಸಾಲಿನ ಕಡೆಗೆ ಕಣ್ಣು ಹೊರಳಿಸುವ ಧೈರ್ಯ ಇತ್ಸುಕಿಗೆ ಬರಲಿಲ್ಲ.

ಅದು ಶುದ್ಧ ಸುಳ್ಳು. ಆ ದೃಶ್ಯ ಮುಗಿದ ಮೇಲೆ ಅವನೂ ಮಿಕಾಮಿಯೂ ಒಂದೇ ತಟ್ಟೆಯಿಂದ ನೂಡಲ್ಸ್ ತಿಂದಿದ್ದರು. ತೆರೆಯ ಹಿಂದೆ ಬಂದಾಗ ಮಿಕಾಮಿ ಸೊಂಟ ಬಾಗಿಸಿ, ತನ್ನ ಎಡವಟ್ಟನ್ನು ಮುಚ್ಚಿ ಎಲ್ಲರನ್ನೂ ಕಾಪಾಡಿದ್ದಕ್ಕೆ ಉಪಕಾರ ಹೇಳಿದ. ಬೈದಿದ್ದರೆ ವಾಸಿಯಿತ್ತು. ತೊಕುನಾಗ ಅಂತೂ ಫೋನ್ ಹಿಡಿದು ಓಡಿಬಂದಳು. ಮಾತು ಆಗಲೇ ಸುದ್ದಿಯ ತಲೆಬರಹವಾಗಿತ್ತು. ಮಧ್ಯಾಹ್ನದ ಎರಡು ಪ್ರದರ್ಶನಗಳಲ್ಲೂ ನಿರೂಪಕಿ ಬೇಕೆಂದೇ ಅದೇ ಪ್ರಶ್ನೆ ಕೇಳಿದಳು. ಇತ್ಸುಕಿ ಅದೇ ಉತ್ತರ ಕೊಟ್ಟ. ಮೂರನೇ ಸಲ ಹೇಳುವಾಗ ನಾಲ್ಕು ಹೋಗಿ ಐದಾಗಿತ್ತು. ಅವನ ಮೇಲೆ ಅವನಿಗೇ ಹೇಸಿಗೆಯಾಯಿತು, ಆದರೂ ಬಾಯಿ ನಿಲ್ಲಲಿಲ್ಲ.

ಅಷ್ಟರಲ್ಲಿ ಒಸಾದಾನ ಸಂದೇಶ ಬಂದಿತ್ತು. "ಯೋಶಿಹಾರು ಹೇಳ್ಲಿಲ್ಲ. ಅವನಮ್ಮ ಐದೂವರೆ ರೈಲಿಗೆ ಉಯೆನೋ ಸ್ಟೇಷನ್ನಿಂದ ಹೊರಡ್ತಾರೆ." ಬೈಗುಳವಿಲ್ಲ, ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಯೂ ಇಲ್ಲ.

ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ, ಮಾಸ್ಕ್ ಹಾಕಿಕೊಂಡು ಇತ್ಸುಕಿ ಓಡಿದ. ಪ್ಲಾಟ್‌ಫಾರ್ಮಿನಲ್ಲಿ ಮೂವರೂ ನಿಂತಿದ್ದರು. ತಾಯಿ ಪುಟ್ಟ ಹೆಂಗಸು, ಉಣ್ಣೆಯ ಟೋಪಿ ಹಾಕಿದ್ದರು. ಊರಿಗೆ ಹಂಚುವ ಸಿಹಿಯ ಡಬ್ಬಿಗಳ ಚೀಲ ಮಗನ ಕೈಯಲ್ಲಿತ್ತು. ಇತ್ಸುಕಿ ಮಾಸ್ಕ್ ತೆಗೆದ ಕೂಡಲೇ ಗುರುತು ಹಿಡಿದು ಮೂರು ಸಲ ಬಾಗಿದರು. ಇಷ್ಟು ದೊಡ್ಡ ನಟರು ಗೆಳೆಯನ ಸಲುವಾಗಿ ಸ್ಟೇಷನ್ನಿಗೇ ಬಂದಿರಲ್ಲ ಎಂದು ಹಿಗ್ಗಿದರು.

"ಅತ್ತುಬಿಟ್ಟೆ ನೋಡಿ" ಎಂದರು ಅವರು. "ಯಾರಿಗೂ ಹೇಳ್ಕೊಳಕ್ಕಾಗ್ದೆ ಆ ಹುಡುಗ್ರು ಹಂಗೆ ಒದ್ದಾಡೋದು ನೋಡ್ತಾ ನೋಡ್ತಾ ನಂಗೆ ಏನೇನೋ ಯೋಚ್ನೆ ಬಂತು. ಊಟಕ್ಕೆ ಕೂತಾಗ ಇವನ್ನ ಒಂದು ಮಾತು ಕೇಳ್ಬೇಕು ಅಂದ್ಕೊಂಡಿದ್ದೆ. ನಾನಾಗೇ ಕೇಳಿದ್ರೆ ಇವನಿಗೂ ಸುಲಭ ಆಗುತ್ತೇನೋ ಅಂತ. ಆಮೇಲೆ ನೀವು ಆ ಮಾತು ಹೇಳಿದ್ರಲ್ಲ, ಎದೆ ಹಗುರಾಯ್ತು. ಎಲ್ಲಾ ಬರೀ ನಾಟ್ಕ, ನಂದೇ ಹುಚ್ಚು ಅಂತ ಸುಮ್ನಾದೆ."

ಒಸಾದಾ ನೆಲ ನೋಡುತ್ತಿದ್ದ. ರೈಲು ಬರುವ ಸೂಚನೆ ಕೂಗಿದರು. ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ತಾನು ಹೇಳುವಂಥದ್ದಲ್ಲ, ಅದು ಯೋಶಿಹಾರುವಿನದು. ತನ್ನ ಪಾಲಿನದು ಉಳಿದಷ್ಟು ಮಾತ್ರ.

"ಅದು ಸುಳ್ಳಮ್ಮ" ಎಂದ. "ನಾನು ಬಾಯಿ ಮುಕ್ಕಳಿಸ್ಲೇ ಇಲ್ಲ. ಜನ ನಗ್ಲಿ ಅಂತ ಹೇಳ್ದೆ. ಅದ್ರಲ್ಲಿ ನಗೋ ಅಂಥದ್ದು ಏನೂ ಇರ್ಲಿಲ್ಲ. ತಪ್ಪು ಮಾಡ್ದೆ."

ತಾಯಿ ಅವನನ್ನು ನೋಡಿದರು, ಒಸಾದಾನನ್ನು ನೋಡಿದರು. ಆಮೇಲೆ ದೊಡ್ಡವರಾಗಿ ಅವನನ್ನು ಸಮಾಧಾನ ಮಾಡುವಂತೆ ತೋಳು ತಟ್ಟಿದರು.

"ಅಯ್ಯೋ, ಅದ್ರಲ್ಲಿ ತಪ್ಪೇನು ಬಂತು. ಎಲ್ರೂ ನಕ್ರಲ್ಲ. ನಮ್ಮ ಯೋಶಿಹಾರು ನನ್ನ ಪಕ್ಕದಲ್ಲೇ ಕೂತಿದ್ದ. ಎಲ್ರಿಗಿಂತ ಜೋರಾಗಿ ನಕ್ಕಿದ್ದು ಅವನೇ. ಅಲ್ವೇನಪ್ಪಾ?"

"ಹೂಂನಮ್ಮ" ಎಂದು ಯೋಶಿಹಾರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮತ್ತೆ ನಕ್ಕ.