ಹೆಡ್‌ಲೈಟಿನೊಳಗಿನ ಹೆಸರು

ಮೋಟಾರಿನ ವಿಷಯ ನನಗೇನೂ ತಿಳಿಯದು. ಕೊಡದ ವಿಷಯ ತಿಳಿಯುತ್ತದೆ. ನನ್ನ ಮದುವೆಗೆ ಅವ್ವ ಹಿತ್ತಾಳೆ ಕೊಡ ಕೊಟ್ಟಿದ್ದಳು. ಅದರ ಹೊಟ್ಟೆಯ ಮೇಲೆ ‘ಮರೆಮ್ಮನ ಮಗಳು ಸಾಬವ್ವ’ ಎಂದು ಪಾತ್ರೆ ಅಂಗಡಿಯವನಿಂದ ಹೆಸರು ಕೊರೆಸಿದ್ದಳು. ಓದಲು ಬಾರದ ಅವ್ವ ನನ್ನ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಆಡಿಸಿ, ಇದು ನಾನು, ಇದು ನೀನು ಎಂದು ತೋರಿಸಿದ್ದಳು. ಯಾದಗಿರಿಯಿಂದ ಪುಣೆಯವರೆಗೆ ರೈಲಿನಲ್ಲಿ ಆ ಕೊಡ ನನ್ನ ತೊಡೆಯ ಮೇಲೇ ಕುಳಿತು ಬಂತು.

ನನ್ನ ಗಂಡ ಹಣಮಂತ್ರಾಯ ಊರಿನಲ್ಲಿ ಪಾತ್ರೆ ಬಡಿಯುತ್ತಿದ್ದವನು. ಪುಣೆಯಲ್ಲಿ ಎಲ್ಲರಿಗೂ ಸ್ಟೀಲೇ ಬೇಕು. ಹಗಲೆಲ್ಲ ಕೊಂಢವಾದಲ್ಲಿ ಕಟ್ಟಡಕ್ಕೆ ಸಿಮೆಂಟು ಹೊತ್ತು, ಸಂಜೆ ಕ್ಯಾಂಪ್ ಪೇಟೆಯ ಗ್ಯಾರೇಜಿನಲ್ಲಿ ಕಾರುಗಳ ನೆಗ್ಗು ತೆಗೆಯುತ್ತಿದ್ದ. ಸಿಮೆಂಟು ಅವನ ಅಂಗೈ ತಿಂದುಹಾಕಿತ್ತು. ಸುತ್ತಿಗೆ ಹಿಡಿಯುವ ಆ ಕೈಗೆ ರಾತ್ರಿ ನಾನು ಎಣ್ಣೆ ಹಚ್ಚುತ್ತಿದ್ದೆ.

ದೇವದಾಸ್ ಅವನನ್ನು ಹಿಡಿದದ್ದು ಆ ಗ್ಯಾರೇಜಿನಲ್ಲೇ. ಅವರು ಉಡುಪಿ ಕಡೆಯವರು, ಕ್ಯಾಂಪಿನಲ್ಲಿ ಹೋಟೆಲು ನಡೆಸುತ್ತಿದ್ದರು. ಇಡ್ಲಿ ಮಾರಿ ಕೈ ತುಂಬಿದ ಮೇಲೆ ಅವರಿಗೆ ಇಂಗ್ಲಿಷರ ಕಾಲದ ಕಾರಿನ ಹುಚ್ಚು ಹತ್ತಿತು. ಯಾವುದೋ ಬಂಗಲೆಯ ಹಿತ್ತಲಿನಲ್ಲಿ ಕೋಳಿಗಳ ಮನೆಯಾಗಿದ್ದ ಕಾರೊಂದನ್ನು ಎಳೆಸಿ ತಂದು, ಹಳೆ ಕಾರುಗಳ ಸ್ಪರ್ಧೆಗೆ ನಿಲ್ಲಿಸುವ ಹಟಕ್ಕೆ ಬಿದ್ದರು. ಆ ಸ್ಪರ್ಧೆಯಲ್ಲಿ ಕಾರ್ಖಾನೆಯಿಂದ ಬಂದ ಸಾಮಾನಿಗೆ ಪೂರ್ತಿ ಅಂಕ, ಆಮೇಲೆ ಮಾಡಿಸಿದ್ದಕ್ಕೆ ಕಡಿತ. ಇವರ ಕಾರಿಗೆ ಎಡಗಡೆಯ ಹಿತ್ತಾಳೆ ಹೆಡ್‌ಲೈಟೇ ಇರಲಿಲ್ಲ. ಎಪ್ಪತ್ತೆಂಟನೆಯ ಇಸವಿ, ಹೊರದೇಶದಿಂದ ತರಿಸುವುದು ಕನಸಿನ ಮಾತು.

“ಬಲಗಡೆಯದರ ಜೋಡಿ ಮಾಡಿಕೊಡು ಹಣಮಂತ್ರಾಯ. ಅಸಲಿ ಅಂತಲೇ ಬರೆಸುತ್ತೇನೆ” ಎಂದರು ದೇವದಾಸ್. “ಕಪ್ ಬಂದರೆ ಹೋಟೆಲಿನ ಹಿಂದೆ ಶೆಡ್ ಉಂಟಲ್ಲ, ಅದರಲ್ಲಿ ನೀನು ಅಂಗಡಿ ಇಡು.”

ಮನೆಗೆ ಬಂದು ಗಂಡ ಹೇಳಿದ: “ಹೊಸಾ ಹಿತ್ತಾಳಿ ನಡಿಯೂದಿಲ್ಲ. ಬಣ್ಣಾನ ಬ್ಯಾರೆ. ಹಳೀದ ಬೇಕು.” ಹೇಳುವಾಗ ಅವನು ಕೊಡದ ಕಡೆ ನೋಡಲಿಲ್ಲ. ನೋಡದಿರಲು ಪಡುತ್ತಿದ್ದ ಕಷ್ಟ ನನಗೆ ಕಂಡಿತು. ನಾನೇ ಎದ್ದು ಕೊಡ ತಂದು ಮುಂದಿಟ್ಟೆ.

“ತಗೋರಿ. ಆದ್ರ ಹೆಸರು ಅಳಿಸಬ್ಯಾಡ್ರಿ.”

“ಅಳಿಸಂಗಿಲ್ಲ. ಒಳಮಗ್ಗಲಕ್ಕ ಬರೂಹಂಗ ಬಡೀತೀನಿ. ಅಲ್ಲಿ ಯಾರ ನೋಡ್ತಾರ?”

ಕಾಸಿ ಕಾಸಿ ಬಡಿದ. ಬಲಗಡೆಯದರ ಅಂಚಿನಲ್ಲಿದ್ದ ಸಣ್ಣ ನೆಗ್ಗನ್ನೂ ಬಿಡದೆ ಇದಕ್ಕೂ ಕೊಟ್ಟ. ಎರಡನ್ನೂ ಮೇಜಿನ ಮೇಲಿಟ್ಟು ಹೊಸದು ಯಾವುದೆಂದು ಕೇಳಿದರೆ ದೇವದಾಸರೇ ತಪ್ಪು ಹೇಳಿದರು. ಆವತ್ತು ನನ್ನ ಗಂಡ ಹಾಡು ಗುನುಗುತ್ತ ಮನೆಗೆ ಬಂದ.

ಸ್ಪರ್ಧೆಯ ದಿನ ನಾವಿಬ್ಬರೂ ಹಗ್ಗದಾಚೆ ನಿಂತಿದ್ದೆವು. ತೀರ್ಪುಗಾರ ಒಬ್ಬ ಮುದುಕ ಸಾಹೇಬ. ಕಾರೆಲ್ಲ ನೋಡಿ ತಲೆದೂಗಿದವನು, ಹೋಗುವ ಮುಂಚೆ ಎಡಗಡೆಯ ಹೆಡ್‌ಲೈಟಿನ ಗಾಜು ಬಿಚ್ಚಿಸಿದ. ಒಳಗಿನ ಕನ್ನಡಿ ತೆಗೆಸಿ ಬ್ಯಾಟರಿ ಬೆಳಕು ಬಿಟ್ಟ. ಏನು ಬರೆದಿದೆ ಎಂದು ಮರಾಠಿಯಲ್ಲಿ ಕೇಳಿದ. ದೇವದಾಸ್ ಬಗ್ಗಿ ನೋಡಿ, ಬಾಯಿ ತಪ್ಪಿ ಗಟ್ಟಿಯಾಗಿಯೇ ಓದಿಬಿಟ್ಟರು.

“ಮರೆಮ್ಮನ ಮಗಳು ಸಾಬವ್ವ.”

ಅದು ಹೆಂಗಸಿನ ಹೆಸರೆಂದು ತಿಳಿದ ಸಾಹೇಬ, ಈ ಹೆಂಗಸು ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳೋ ಎಂದು ಕೇಳಿದ. ಸುತ್ತಲಿನವರು ನಕ್ಕರು. ಮಿಸ್ತ್ರಿ ಅಸಲಿ ಎಂದು ಹೇಳಿ ತಮಗೆ ಮೋಸ ಮಾಡಿದ ಎಂದು ದೇವದಾಸ್ ನನ್ನ ಗಂಡನ ಕಡೆ ಕೈ ತೋರಿಸಿದರು. ಗಂಡ ಕೈ ಮುಗಿದ. ಆ ಮುಗಿದ ಕೈ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಪ್ ಬೇರೆಯವರ ಪಾಲಾಯಿತು. “ನಿನ್ನ ಹೆಸರಿನಿಂದ ಹೋತು ನೋಡು” ಎಂದ ಗಂಡ ಮನೆಗೆ ಬಂದು. ಒಂದೇ ಸಲ ಅಂದದ್ದು, ಆದರೆ ಅಂದ. ಮರುದಿನ ಮತ್ತೆ ಸಿಮೆಂಟು ಹೊರಲು ಹೋದ.

ಮುಂದಿನ ವರ್ಷ ತೀರ್ಪಿಗೆ ಬೇರೆಯವರು ಬಂದರು. ಸ್ಪರ್ಧೆಯ ಸಂಜೆ ಗಂಡ ಪೇಢೆ ಹಿಡಿದು ಬಂದ. “ಕಪ್ ಬಂತು. ಶೆಡ್ ನಮ್ದ ಆತು.”

“ಆ ಹೆಡ್‌ಲೈಟ್?”

“ಸಾವ್ಕಾರ್ರು ಮುಂಬೈದಿಂದ ಅಸಲೀದ ತರಿಸ್ಯಾರ.”

ನಾನು ನಂಬಿದೆ. ಪೇಢೆ ತಿಂದೆ.

ಅಂಗಡಿ ತೆರೆಯುವ ದಿನ ದೇವದಾಸರ ಹೆಂಡತಿ ರಾಜೀವಿಯಮ್ಮನೂ ಬಂದಿದ್ದರು. ಹೊಸಿಲಿಗೆ ಹಾಕಲು ತುಂಬಿದ ಕೊಡ ತರಬೇಕು ಎಂದರು. ನಾನು ಹೊತ್ತು ತಂದದ್ದು ನೀಲಿ ಪ್ಲಾಸ್ಟಿಕ್ ಕೊಡ.

“ಇವತ್ತಾದರೂ ಹಿತ್ತಾಳೆದು ತರಬಾರದಾ ಮಾರಾಯ್ತಿ?” ಎಂದರು.

ಅಷ್ಟರಲ್ಲಿ ದೇವದಾಸ್ ಬೋಣಿಗೆಂದು ತಮ್ಮ ಕಾರಿನ ಎಡಗಡೆಯ ಹೆಡ್‌ಲೈಟನ್ನೇ ಬಿಚ್ಚಿ ತಂದು ಉಜ್ಜಲು ಕೊಟ್ಟರು. ಗಂಡ ಗಾಜು, ಕನ್ನಡಿ ತೆಗೆದು ಅದನ್ನು ಚೀಲದ ಮೇಲೆ ಬೋರಲು ಹಾಕಿದ. ಬೇಗನೆ ಹಾಕಿದ. ನಾನು ಕೊಡ ಕೆಳಗಿಟ್ಟು, ಅದನ್ನು ಎತ್ತಿ ಒಳಗೆ ಕೈಯಾಡಿಸಿದೆ. ಎಲ್ಲ ನುಣುಪು. ಒಂದು ಕಡೆ ಹಿತ್ತಾಳೆ ತೆಳ್ಳಗಾಗಿತ್ತು. ಅಂಚಿನ ತಿರುವಿನಲ್ಲಿ, ತಿಕ್ಕುವ ಅರ ತಾಗದ ಜಾಗದಲ್ಲಿ, ಅವ್ವನ ಹೆಸರಿನ ಮೊದಲ ಅಕ್ಷರದ ಚೂರು ಬೆರಳಿಗೆ ಸಿಕ್ಕಿತು.

“ಯಾರ ತಿಕ್ಕಿದ್ರು?” ಎಂದೆ.

“ನಾನ” ಎಂದ ಗಂಡ. ಚೀಲ ಸರಿ ಮಾಡುತ್ತ, “ಬ್ಯಾರೆದವರ ಕೈಯಾಗ ಕೊಟ್ಟಿದ್ರ ತೂತ ಬೀಳ್ತಿತ್ತು” ಎಂದ.

“ಈಗ ಅದು ಅಸಲಿ, ಸಾಬವ್ವ. ಸರ್ಟಿಫಿಕೇಟೇ ಉಂಟು” ಎಂದು ದೇವದಾಸ್ ನಕ್ಕರು.

ನಾನು ಪ್ಲಾಸ್ಟಿಕ್ ಕೊಡ ಎತ್ತಿ ಹೊಸಿಲಿಗೆ ನೀರು ಹಾಕಿದೆ. ಬೇರೆ ಏನು ಮಾಡಲಿ? ಆ ಶೆಡ್ ನನಗೂ ಬೇಕಾಗಿತ್ತು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಗಂಡನ ಅಂಗೈ ವಾಸಿಯಾಗಿದೆ. ಹಳೆ ಕಾರಿನ ಹುಚ್ಚಿನವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಜೂನಾ ಬಜಾರಿನ ಗುಜರಿಯಿಂದ ಹಳೆ ಕೊಡ, ಹಂಡೆ ತರುತ್ತಾನೆ. ತಂದದ್ದನ್ನು ಮೊದಲು ತಿರುಗಿಸಿ ನೋಡಿ, ಹೆಸರಿದ್ದರೆ ಅರದಿಂದ ತಿಕ್ಕಿಬಿಟ್ಟು, ಆಮೇಲೆ ಸುತ್ತಿಗೆ ಎತ್ತುತ್ತಾನೆ. ಮಧ್ಯಾಹ್ನ ಬುತ್ತಿ ಒಯ್ದಾಗ ನೆಲದ ಮೇಲೆ ಹಿತ್ತಾಳೆ ಪುಡಿ ಬಿದ್ದಿರುತ್ತದೆ. ಯಾರ ಮಗಳೋ, ಯಾರ ಅವ್ವನೋ. ಗುಡಿಸಿ ಹೊರಗೆ ಚೆಲ್ಲುವವಳು ನಾನೇ.