ಕುಸಿಯದ ಬಲಗಡೆ

ತಮ್ಮ ಹೋದ ಸುದ್ದಿ ಬಂದದ್ದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಆಗ ದೊಡ್ಡಣ್ಣ ಷೆಡ್ಡಿನಲ್ಲಿ ಮೇಷ್ಟರ ಕಾರಿನ ಕೆಳಗೆ ಮಲಗಿದ್ದ. ಅಣ್ಣತಮ್ಮ ಸೇರಿ ಮೂವತ್ತೆರಡು ವರ್ಷ ನಡೆಸಿದ ಷೆಡ್ಡು. ಕಾರಿನ ಹಿಂಬದಿಗೆ ಹೊಸ ಸ್ಪ್ರಿಂಗು, ಚಕ್ರ ಹಿಡಿಯುವ ಹೊಸ ತೋಳು ಹಾಕುತ್ತಿದ್ದರು. ಬಲಗಡೆಯದನ್ನು ತಮ್ಮ ಹಿಂದಿನ ದಿನವೇ ಮುಗಿಸಿ, "ಯಾಕೋ ಎದೆ ಹಿಡ್ಕೊಂಡ ಹಾಗಿದೆ ಕಣಣ್ಣ, ಎಡಗಡೆ ನೀನೇ ನೋಡ್ಕೊ" ಎಂದು ಮನೆಗೆ ಹೋಗಿದ್ದ.

"ಭಾವ, ಇವರು ನಮ್ಮನ್ನ ಬಿಟ್ಟು ಹೋದ್ರು" ಎಂದಳು ಫೋನಿನಲ್ಲಿ ತಮ್ಮನ ಹೆಂಡತಿ.

ತಮ್ಮನ ಮನೆ ಊರಿನ ಆಚೆ ತುದಿಯಲ್ಲಿ. ಓಡಿಸಲು ಬೇರೆ ಗಾಡಿ ಇರಲಿಲ್ಲ. ದೊಡ್ಡಣ್ಣ ಬೋಲ್ಟು ಬಿಗಿದು, ಚಕ್ರ ಸಿಕ್ಕಿಸಿ ಅದೇ ಕಾರಿನಲ್ಲಿ ಹೋದ. ದಾರಿ ಹೇಗೆ ಸಾಗಿತೋ ಅವನಿಗೆ ನೆನಪಿಲ್ಲ.

ಮೂರು ವಾರ ಕಳೆದ ಮೇಲೆ ಮೇಷ್ಟರು ಆ ಕಾರನ್ನು ಮತ್ತೆ ತಂದು ನಿಲ್ಲಿಸಿದರು. ಜೊತೆಗೆ ಅವರ ಭಾವಮೈದುನ. ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಇಟ್ಟುಕೊಂಡ ಮನುಷ್ಯ. ತಮ್ಮನ ಕನ್ನಡಕ, ಹಳೆಯ ಅಂಗಿ ಒಯ್ಯಲೆಂದು ತಮ್ಮನ ಹೆಂಡತಿಯೂ ಅಂದೇ ಬಂದಿದ್ದಳು.

"ಹೋದೋರ ಬಗ್ಗೆ ಆಡಬಾರದು, ಆದ್ರೂ ಹೇಳ್ತೀನಿ," ಎಂದ ಭಾವಮೈದುನ. "ಬಲಗಡೆ ಕುಸಿದು ಕೂತಿದೆ. ನಿಮ್ಮ ತಮ್ಮ ಹಳೇ ಸ್ಪ್ರಿಂಗಿಗೇ ಬಣ್ಣ ಬಳಿದು ಹಾಕಿದಾರೆ."

"ಆಡಬಾರದು ಅಂತ ಗೊತ್ತಿದ್ದೋರು ಯಾಕೆ ಆಡಿದ್ರಿ?"

"ಕಣ್ಣಿಗೆ ಕಾಣೋದನ್ನ ಹೇಳಿದೆ ಅಷ್ಟೇ."

"ಅವನು ಇದ್ದಾಗ ಬಂದು ಹೇಳಿ ನೋಡ್ಬೇಕಿತ್ತು! ಸತ್ತವನು ಎದ್ದು ಬಂದು ಜವಾಬು ಕೊಡಲ್ಲ ಅಂತ ತಾನೆ ಇಷ್ಟು ಧೈರ್ಯ?"

"ಬಿಡಿ ದೊಡ್ಡಣ್ಣ, ಅವನ ಮಾತೇ ಹಾಗೆ," ಎಂದು ಮೇಷ್ಟರು ತಡೆಯಲು ಹೋದರು.

"ನಿಮ್ಮ ಕಾರು, ನಿಮ್ಮ ಮನೆ ಮಾತು. ನೀವು ಅವಾಗಲೇ ತಡೀಬೇಕಿತ್ತು ಮೇಷ್ಟ್ರೆ."

ಕಳ್ಳ ಎನ್ನಿಸಿಕೊಳ್ಳುವುದಕ್ಕೋ ತಮ್ಮ ಮೂವತ್ತೆರಡು ವರ್ಷ ಬೆನ್ನು ಸವೆಸಿದ್ದು? ಅದೂ ಅವನ ಹೆಂಡತಿಯ ಎದುರಿಗೆ! ಅವಳು ಅಂಗಿಯನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ದೊಡ್ಡಣ್ಣ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಟೇಪು ಹಿಡಿದ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಬಲಗಡೆ ಅಳೆದ, ಎಡಗಡೆ ಅಳೆದ. ಒಂದು ಬೆರಳಗಲ ವ್ಯತ್ಯಾಸ ನಿಜವೇ. ಅಳತೆಗಳಿರುವ ಕಂಪನಿಯ ಪುಸ್ತಕ ತೆಗೆದು ಮೇಷ್ಟರ ಕೈಗೇ ಕೊಟ್ಟ. "ನೀವೇ ಓದಿ."

ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. "ಬಲಗಡೆ ಪುಸ್ತಕದಲ್ಲಿ ಇದ್ದ ಹಾಗೇ ಇದೆಯಲ್ಲ!"

"ಕೇಳಿಸ್ತೇನ್ರಿ? ನನ್ನ ತಮ್ಮನ ಕಡೆ ಕುಸಿದಿಲ್ಲ. ಎಡಗಡೆ ಏರಿ ನಿಂತಿದೆ. ನಿಮ್ಮ ನಾಲಿಗೆಗಿಂತ ಈ ಟೇಪು ಮೇಲು!"

ಭಾವಮೈದುನ ಮೀಸೆ ತೀಡಿದ. "ಹಾಗಾದ್ರೆ ಎಡಗಡೆ ಕೆಡಿಸಿದ ಪುಣ್ಯಾತ್ಮ ಯಾರು?"

ದೊಡ್ಡಣ್ಣ ಬಗ್ಗಿ ಎಡಗಡೆಯ ತೋಳನ್ನು ನೋಡಿದ. ತೋಳಿನ ಬುಡದಲ್ಲಿ ಬೋಲ್ಟನ್ನು ಬಳೆಯಂತೆ ಸುತ್ತಿ ಹಿಡಿಯುವ ರಬ್ಬರಿನ ಬುಷ್ ಇರುತ್ತದೆ. ತೋಳು ಭಾರವಿಲ್ಲದೆ ಗಾಳಿಯಲ್ಲಿ ತೂಗುತ್ತಿರುವಾಗ ಬೋಲ್ಟು ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಂಡು, ಗಾಡಿ ಕೆಳಗಿಳಿಯಲು ಬಿಡುವುದಿಲ್ಲ. ತಮ್ಮ ಯಾವಾಗಲೂ ತೋಳಿನ ಕೆಳಗೆ ಜಾಕು ಕೊಟ್ಟು, ಗಾಡಿಯ ಭಾರ ಅದರ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ ಕೊಡುತ್ತಿದ್ದ. ಅದನ್ನು ಅವನಿಗೆ ಕಲಿಸಿದವನು ದೊಡ್ಡಣ್ಣನೇ. ಆ ಬುಧವಾರ ದೊಡ್ಡಣ್ಣನಿಗೆ ಅದೊಂದೂ ನೆನಪಿರಲಿಲ್ಲ.

"ನಾನು," ಎಂದ. "ಸುದ್ದಿ ಬಂದ ಗಳಿಗೆಯಲ್ಲಿ ಬಿಗಿದದ್ದು. ತಪ್ಪು ನಂದು. ಬೈಯೋದಿದ್ರೆ ನನ್ನ ಬೈಯಿರಿ, ಬದುಕಿದೀನಿ."

ಕಾರನ್ನು ಅದರ ಚಕ್ರಗಳ ಮೇಲೆಯೇ ನಿಲ್ಲಿಸಿಕೊಂಡು, ಕೆಳಗೆ ತೂರಿ ಎಡಗಡೆಯ ಬೋಲ್ಟು ಸಡಿಲಿಸಿದ. ರಬ್ಬರು ಕಿರ್ರೆಂದಿತು. ಗಾಡಿ ಮೆಲ್ಲಗೆ ಇಳಿದು ಸಮನಾಯಿತು. ಮತ್ತೆ ಬಿಗಿದು, ಎದ್ದು ಬಂದು ಭಾವಮೈದುನನ ಎದುರು ನಿಂತ.

"ನನ್ನ ತಪ್ಪು ನಾನು ಒಪ್ಕೊಂಡೆ. ಇನ್ನು ನಿಮ್ಮದು. ನನಗಲ್ಲ, ನನ್ನ ತಮ್ಮನ ಹೆಂಡತಿಗೆ ಹೇಳಿ."

ಭಾವಮೈದುನ ಮೇಷ್ಟರ ಮುಖ ನೋಡಿದ. ಮೇಷ್ಟರು ಮುಖ ತಿರುಗಿಸಿದರು.

"ತಪ್ಪಾಯ್ತು ತಾಯಿ," ಎಂದ. "ಅವರು ಮೋಸ ಮಾಡಿಲ್ಲ."

"ನನಗೆ ಗೊತ್ತಿತ್ತು," ಎಂದಳು ಅವಳು.

ಅವರಿಬ್ಬರೂ ಹೊರಟುಹೋದ ಮೇಲೆ ದೊಡ್ಡಣ್ಣ ಕೈಕಾಲು ತೊಳೆದು ಬಂದು, ಅವಳ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದ.

"ದೇವರೇ, ನನ್ನ ತಮ್ಮ ಯಾರಿಗೂ ಕೇಡೆಣಿಸಿದವನಲ್ಲ. ಅವನನ್ನು ನಿನ್ನ ಪಾದದ ನೆರಳಿನಲ್ಲಿ ಇಟ್ಟುಕೋ. ಅವನ ಆತ್ಮಕ್ಕೆ ಶಾಂತಿ ಕೊಡು."